ಮುರುಗ ಓಡಿಸಿದ ಬೆಳ್ಳಕ್ಕಿ

ಊರಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಯೊಂದಿದೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿಳಿದು ಮನೆ ಸೇರಿ, ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇಬಿಡುತ್ತಾರೆ. ‘ಅಲ್ಲಾ, ಅಷ್ಟು ಬುದ್ಧಿವಂತ ಜನ ಅಂತೀಯ. ಸಿನಿಮಾದಲ್ಲಿ ಹಾಡಿ ಕುಣಿದವರನ್ನೆಲ್ಲ ಮುಖ್ಯಮಂತ್ರಿ ಮಾಡಿದ್ರಲ್ಲ, ಏನಾಗಿದೆ ಆ ತಮಿಳರಿಗೆ?’ ಕೇಳುವವರ ದನಿಯಲ್ಲಿ ಒಂದಿಷ್ಟು ನಗೆ, ಒಂದಿಷ್ಟು ‘ನಾವು ಹಾಗಲ್ಲಪ್ಪ’ ಎಂಬ ಸಮಾಧಾನ. 1984ರಿಂದ ಮದರಾಸಿನಲ್ಲಿರುವ ನಾನು ಇದಕ್ಕೆ ಎರಡು ವಾಕ್ಯದ ಉತ್ತರ ಕೊಡಲಾರದೆ ಸುಮ್ಮನಾಗಿದ್ದೇನೆ. ಉತ್ತರ ಉದ್ದವಿದೆ. ಅದು ಸಿನಿಮಾದಿಂದ ಶುರುವಾಗುವುದೂ ಇಲ್ಲ, ನಾಟಕದ ಹಾಡಿನಿಂದ ಶುರುವಾಗುತ್ತದೆ.

ಮಾಂಬಲದಲ್ಲಿ ನಾವು ಮೊದಲು ಬಾಡಿಗೆಗಿದ್ದ ಮನೆಯ ಮಾಲೀಕರ ತಂದೆ ಮಧುರೆ ಕಡೆಯವರು. ಆಗಲೇ ಎಪ್ಪತ್ತೈದು ದಾಟಿದ್ದರು. ಮನೆಯವರೆಲ್ಲ ಕರೆಯುವ ಹಾಗೆ ನಾವೂ ಅವರನ್ನು ತಾತ ಎಂದೇ ಕರೆಯುತ್ತಿದ್ದೆವು; ಆ ಪದ ಎರಡು ಭಾಷೆಗೂ ಒಂದೇ ಆದದ್ದು ನಮಗೆ ಅನುಕೂಲವಾಯಿತು. ಸಾಯಂಕಾಲ ಜಗುಲಿಯ ಮೇಲೆ ಕೂತು ತಾತ ಹಳೆಯ ನಾಟಕದ ಹಾಡುಗಳನ್ನು ಗುನುಗುತ್ತಿದ್ದರು. ಮುರುಗ, ವಳ್ಳಿ, ನವಣೆ ಹೊಲ, ಹಕ್ಕಿ. ದೇವರ ಹಾಡು ಅಂತ ನಾನು ಕೇಳುತ್ತಿದ್ದೆ. ಒಂದು ದಿನ ಅವರೇ ನಕ್ಕು, ‘ಈ ಹಾಡು ಹಾಡಿದ್ದಕ್ಕೆ ಪೊಲೀಸರು ಮುರುಗನನ್ನೇ ಹಿಡ್ಕೊಂಡು ಹೋಗ್ತಿದ್ರು, ಗೊತ್ತಾ?’ ಅಂದರು.

ಮುರುಗನೆಂದರೆ ವಿಶ್ವನಾಥ ದಾಸ್. ಶಿವಕಾಶಿಯಲ್ಲಿ 1886ರಲ್ಲಿ ಹುಟ್ಟಿದವರು, ಕ್ಷೌರಿಕ ಸಮುದಾಯದವರು. ತಮಿಳು ರಂಗಭೂಮಿಯಲ್ಲಿ ‘ವಳ್ಳಿ ತಿರುಮಣಂ’ ಎಂಬ ನಾಟಕ ನಮ್ಮಲ್ಲಿ ‘ಸದಾರಮೆ’ ಇದ್ದ ಹಾಗೆ, ಊರೂರಿಗೂ ಬೇಕಾದದ್ದು. ಬೇಡರ ಹುಡುಗಿ ವಳ್ಳಿ ನವಣೆ ಹೊಲದ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸುತ್ತಿರುತ್ತಾಳೆ. ಮುರುಗ ವೇಷ ಮರೆಸಿಕೊಂಡು ಬಂದು ಅವಳನ್ನು ಒಲಿಸಿಕೊಳ್ಳುತ್ತಾನೆ. ಹಕ್ಕಿ ಓಡಿಸುವ ಸನ್ನಿವೇಶವೇ ನಾಟಕದಲ್ಲಿದೆಯಲ್ಲ. ದಾಸ್ ಅಲ್ಲೊಂದು ಬಿಳಿ ಹಕ್ಕಿಯನ್ನು ತಂದು ಕೂರಿಸಿದರು. ದೂರದಿಂದ ಹಾರಿಬಂದು ನಮ್ಮ ಹೊಲಕ್ಕೆ ಇಳಿದಿರುವ ಬೆಳ್ಳಕ್ಕಿ, ಅದನ್ನು ನಂಬಬೇಡ ಎಂಬ ಅರ್ಥದ ಹಾಡು. ಬೆಳ್ಳಕ್ಕಿ ಯಾರೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರೇಕ್ಷಕರು ‘ಒನ್ಸ್ ಮೋರ್’ ಅನ್ನುವರು, ಮುರುಗ ಮತ್ತೊಮ್ಮೆ ಹಕ್ಕಿ ಓಡಿಸುವನು.

ಇದು ಸಾಧ್ಯವಾದದ್ದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬ್ರಿಟಿಷರು 1876ರಲ್ಲೇ ನಾಟಕ ಪ್ರದರ್ಶನ ಕಾಯ್ದೆ ತಂದಿದ್ದರು. ಬಂಗಾಳದ ನಾಟಕಗಳಿಗೆ ಹೆದರಿ ಮಾಡಿದ ಕಾನೂನು ಅದು. ರಾಜದ್ರೋಹ ಎನಿಸಿದ ನಾಟಕವನ್ನು ಸರ್ಕಾರ ನಿಲ್ಲಿಸಬಹುದಿತ್ತು. ಆದರೆ ಕಾನೂನಿನ ಕಣ್ಣು ಬೀಳುವುದು ಬರೆದಿಟ್ಟ ನಾಟಕದ ಮೇಲೆ. ತಮಿಳುನಾಡಿನ ‘ಸ್ಪೆಷಲ್ ನಾಟಕ’ದ ಪದ್ಧತಿಯೇ ಬೇರೆ. ಒಬ್ಬ ನಟ ಮಧುರೆಯಿಂದ, ನಟಿ ಇನ್ನೊಂದೂರಿನಿಂದ, ಹಾರ್ಮೋನಿಯಂನವರು ಮತ್ತೆಲ್ಲಿಂದಲೋ ಬಂದು ಆ ಒಂದು ರಾತ್ರಿಗೆ ಸೇರುತ್ತಾರೆ. ತಾಲೀಮು ಇಲ್ಲ. ಶಂಕರದಾಸ ಸ್ವಾಮಿಗಳು ಬರೆದ ನಾಟಕಗಳು ಎಲ್ಲರಿಗೂ ಬಾಯಿಪಾಠವಾದ್ದರಿಂದ ಆಟ ನಡೆದುಹೋಗುತ್ತಿತ್ತು. ಇಡೀ ರಾತ್ರಿಯ ಆಟ, ನಡುನಡುವೆ ಯಾರು ಯಾವ ಹಾಡನ್ನಾದರೂ ಸೇರಿಸಬಹುದು. ನಮ್ಮ ಯಕ್ಷಗಾನ, ಬಯಲಾಟ ನೋಡಿದವರಿಗೆ ಈ ಸಡಿಲು ಹೊಸದಲ್ಲ. ಮಾತನ್ನು ಮೊದಲೇ ಓದಿ ತಡೆಯಬಹುದಿತ್ತು, ಆ ರಾತ್ರಿ ಆ ಗಳಿಗೆಯಲ್ಲಿ ಬಾಯಿಗೆ ಬಂದ ಹಾಡನ್ನು ತಡೆಯುವುದು ಹೇಗೆ? ಹಾಡಿ ಆದ ಮೇಲೆ ಹಿಡಿಯಬಹುದು, ಅಷ್ಟೆ. ದಾಸ್ ಅವರನ್ನು ಹಾಗೆ ಎಷ್ಟೋ ಸಲ ಹಿಡಿದರು, ಜೈಲಿಗೂ ಹಾಕಿದರು.

ಮಧುರೆಯ ಭಾಸ್ಕರದಾಸರು ಇಂಥ ಹಾಡುಗಳನ್ನು ಬರೆದುಕೊಟ್ಟವರಲ್ಲಿ ಮುಖ್ಯರು. ಗಾಂಧಿ, ಖಾದಿ, ಜಲಿಯನ್‌ವಾಲಾ ಬಾಗ್, ಹೆಂಡದಂಗಡಿ, ಎಲ್ಲದರ ಮೇಲೂ ಬರೆದರು. ನಟರು ಅವನ್ನು ಹರಿಶ್ಚಂದ್ರನ ಬಾಯಲ್ಲೂ ಕೋವಲನ ಬಾಯಲ್ಲೂ ಹಾಡಿಸಿದರು. ಆಮೇಲೆ ಅವು ಗ್ರಾಮಫೋನ್ ತಟ್ಟೆಗಳಾದವು, ‘ಗುಜಿಲಿ’ ಎಂದು ಕರೆಯುತ್ತಿದ್ದ ಕಡಿಮೆ ಬೆಲೆಯ ಪಾಟಿನ ಪುಸ್ತಕಗಳಾದವು. ಈ ಹಾಡುಗಳ ಚರಿತ್ರೆಯನ್ನು ಎಸ್. ಥಿಯೋಡರ್ ಭಾಸ್ಕರನ್ ಅವರು 1981ರಷ್ಟು ಹಿಂದೆಯೇ ‘ದಿ ಮೆಸೇಜ್ ಬೇರರ್ಸ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಕಂಪನಿ ನಾಟಕಗಳ ಹಾಡಿಗೂ ಅಂಥದ್ದೊಂದು ಪುಸ್ತಕ ಬರಬಾರದೇ ಎಂದು ಅದನ್ನು ಓದಿದಾಗಲೆಲ್ಲ ಅನ್ನಿಸಿದೆ.

ವಿಶ್ವನಾಥ ದಾಸ್ ಸತ್ತದ್ದೂ ರಂಗದ ಮೇಲೆ. 1940ರ ಡಿಸೆಂಬರ್ 31ರ ರಾತ್ರಿ, ಮದರಾಸಿನ ರಾಯಲ್ ಥಿಯೇಟರಿನಲ್ಲಿ, ಮುರುಗನ ವೇಷದಲ್ಲಿ ನವಿಲಿನ ಮೇಲೆ ಕೂತು ಹಾಡುತ್ತಿದ್ದಾಗ. ವೇಷ ಕಳಚದೆಯೇ ಅವರ ಅಂತ್ಯಯಾತ್ರೆ ನಡೆಯಿತಂತೆ. ತಾತ ಇದನ್ನು ಹೇಳುವಾಗ ಸಾಮಾನ್ಯವಾಗಿ ಎದ್ದು ಒಳಗೆ ಹೋಗಿಬಿಡುತ್ತಿದ್ದರು.

ಹೆಂಗಸರ ಪಾಲೂ ಸಣ್ಣದಲ್ಲ. ಕೆ. ಬಿ. ಸುಂದರಾಂಬಾಳ್ ಮತ್ತು ಎಸ್. ಜಿ. ಕಿಟ್ಟಪ್ಪ ಜೋಡಿಯ ನಾಟಕವೆಂದರೆ ಜನ ಮುಗಿಬೀಳುತ್ತಿದ್ದ ಕಾಲವೊಂದಿತ್ತು. ಕಿಟ್ಟಪ್ಪ 1933ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಸುಂದರಾಂಬಾಳ್ ಬಿಳಿ ಸೀರೆ ಉಟ್ಟು ರಂಗದಿಂದ ದೂರವಾದರು. ಆದರೆ ಎಸ್. ಸತ್ಯಮೂರ್ತಿಯವರಂಥ ಕಾಂಗ್ರೆಸ್ ನಾಯಕರು ಆ ಗಂಟಲನ್ನು ಬಿಡಲಿಲ್ಲ, ಪ್ರಚಾರದ ವೇದಿಕೆಗೆ ಕರೆತಂದರು. ಭಾಷಣಕ್ಕೆ ಮೊದಲು ಅವರ ಹಾಡು. ಹಾಡು ಕೇಳಲು ಬಂದವರು ಭಾಷಣವನ್ನೂ ಕೇಳಿ ಹೋಗುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಸುಂದರಾಂಬಾಳ್ ಮದರಾಸಿನ ವಿಧಾನ ಪರಿಷತ್ತಿನ ಸದಸ್ಯೆಯೂ ಆದರು. ಸಿನಿಮಾದವರನ್ನು ಶಾಸನಸಭೆಗೆ ಕಳಿಸುವ ಪದ್ಧತಿಯನ್ನು ದ್ರಾವಿಡ ಪಕ್ಷಗಳು ಶುರುಮಾಡಿದವು ಎನ್ನುವವರು ಇದನ್ನು ನೆನಪಿಡಬೇಕು. ಶುರುಮಾಡಿದ್ದು ಕಾಂಗ್ರೆಸ್ಸೇ.

ಟಾಕಿ ಬಂದಾಗ ನಾಟಕದ ಜನ, ನಾಟಕದ ಕಥೆ, ನಾಟಕದ ಹಾಡು ಒಟ್ಟಾಗಿ ಬಿಳಿಪರದೆಗೆ ಹತ್ತಿದವು. 1931ರ ‘ಕಾಳಿದಾಸ್’ ತಮಿಳಿನ ಮೊದಲ ಮಾತಿನ ಚಿತ್ರ. ಮುಂಬಯಿಯಲ್ಲಿ ತಯಾರಾದದ್ದು, ನಾಯಕಿ ಟಿ. ಪಿ. ರಾಜಲಕ್ಷ್ಮಿ ತಮಿಳಿನಲ್ಲಿ ಮಾತಾಡಿದರೆ ನಾಯಕ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದ. ಕಾಳಿದಾಸನ ಕಥೆಯ ಆ ಚಿತ್ರದಲ್ಲಿ ಗಾಂಧಿಯ ಚರಕದ ಮೇಲೆ ಭಾಸ್ಕರದಾಸರ ಹಾಡೊಂದಿತ್ತು! ಭೋಜನ ಕಾಲಕ್ಕೆ ಗಾಂಧಿ ಎಲ್ಲಿಂದ ಬಂದರು ಎಂದು ಯಾರೂ ಕೇಳಲಿಲ್ಲ. ಮುರುಗನ ಹೊಲಕ್ಕೆ ಬೆಳ್ಳಕ್ಕಿ ಬಂದದ್ದನ್ನು ಒಪ್ಪಿಕೊಂಡ ಜನರಿಗೆ ಇದೇನು ದೊಡ್ಡದು?

1937ರಿಂದ 1939ರವರೆಗೆ ಮದರಾಸಿನಲ್ಲಿ ರಾಜಾಜಿಯವರ ಕಾಂಗ್ರೆಸ್ ಸರ್ಕಾರವಿತ್ತು, ಸೆನ್ಸಾರ್ ಸಡಿಲವಾಗಿತ್ತು. ಕೆ. ಸುಬ್ರಹ್ಮಣ್ಯಂ ಅವರ ‘ತ್ಯಾಗಭೂಮಿ’ 1939ರ ಮೇ ತಿಂಗಳಲ್ಲಿ ಬಂದದ್ದು ಹಾಗೆ. ಕಲ್ಕಿಯವರ ಕಥೆ, ಪಾಪನಾಶಂ ಶಿವನ್ ಅವರ ಹಾಡು ಮತ್ತು ನಟನೆ, ಡಿ. ಕೆ. ಪಟ್ಟಮ್ಮಾಳ್ ಅವರ ದನಿ. ದೇಶಸೇವೆಗೆ ಬನ್ನಿ ಎಂದು ನೇರವಾಗಿಯೇ ಕರೆಯುವ ಹಾಡು. ಇಲ್ಲಿ ಹಕ್ಕಿಯ ಮರೆಯೂ ಇರಲಿಲ್ಲ. ಯುದ್ಧ ಶುರುವಾಗಿ ಕಾಂಗ್ರೆಸ್ ಸರ್ಕಾರ ರಾಜೀನಾಮೆ ಕೊಟ್ಟ ಮೇಲೆ ಬ್ರಿಟಿಷರು ಚಿತ್ರವನ್ನು ನಿಷೇಧಿಸಿದರು. ನಿಷೇಧದ ಆಜ್ಞೆ ಜಾರಿಯಾಗುವ ಮೊದಲು ಮೌಂಟ್ ರೋಡಿನ ಬಳಿಯ ಗೇಯ್ಟಿ ಟಾಕೀಸಿನಲ್ಲಿ ಅದನ್ನು ಜನರಿಗೆ ಬಿಟ್ಟಿಯಾಗಿ ತೋರಿಸಿದರು. ಕೊನೆಗೆ ಪೊಲೀಸರು ಲಾಠಿ ಬೀಸಬೇಕಾಯಿತು. ಅದೇ ಪಟ್ಟಮ್ಮಾಳ್ 1947ರ ಜನವರಿಯಲ್ಲಿ ಬಂದ ಎ.ವಿ.ಎಂ.ನ ‘ನಾಮ್ ಇರುವರ್’ ಚಿತ್ರದಲ್ಲಿ ಭಾರತಿಯಾರ್ ಹಾಡಿಗೆ ದನಿಯಾದರು. ಸ್ವಾತಂತ್ರ್ಯ ಬಂದೇಬಿಟ್ಟಿತು ಎಂದು ಕುಣಿಯುವ ಆ ಹಾಡು ಜನರ ಕಿವಿ ತಲುಪಿದಾಗ ಆಗಸ್ಟ್ 15ಕ್ಕೆ ಇನ್ನೂ ಏಳು ತಿಂಗಳಿತ್ತು. ಭಾರತಿಯಂತೂ 1921ರಲ್ಲೇ ತೀರಿಕೊಂಡಿದ್ದರು.

ಭಾರತಿ ಹಾಡುಗಳ ಹಕ್ಕು ಆಗ ಎ.ವಿ.ಎಂ. ಮೆಯ್ಯಪ್ಪ ಚೆಟ್ಟಿಯಾರರ ಕೈಯಲ್ಲಿತ್ತು, ದುಡ್ಡು ಕೊಟ್ಟು ಕೊಂಡದ್ದು. ನಾಟಕದ ಟಿ.ಕೆ.ಎಸ್. ಸಹೋದರರು ತಮ್ಮ ಚಿತ್ರದಲ್ಲಿ ಭಾರತಿಯನ್ನು ಹಾಡಿಸಿದಾಗ ಕೋರ್ಟಿನ ಮಾತೂ ಬಂತು. ದೇಶಕ್ಕಾಗಿ ಬರೆದ ಹಾಡು ಒಬ್ಬರ ಆಸ್ತಿಯಾಗುವುದೆಂದರೇನು ಎಂದು ಲೇಖಕರು, ನಾಟಕದವರು ಎದ್ದು ನಿಂತರು. 1949ರಲ್ಲಿ ಮದರಾಸು ಸರ್ಕಾರ ಹಕ್ಕು ತೆಗೆದುಕೊಂಡು, ಮುಂದೆ ಅದನ್ನು ಜನರಿಗೇ ಬಿಟ್ಟುಕೊಟ್ಟಿತು. ಒಬ್ಬ ಕವಿಯ ಹಾಡಿಗಾಗಿ ಸರ್ಕಾರ ಹೀಗೆ ಮಾಡಿದ್ದು ನನಗೆ ಇಂದಿಗೂ ಸೋಜಿಗವೇ.

ಅಲ್ಲಿಂದ ಮುಂದೆ ಬೆಳ್ಳಕ್ಕಿ ಹೋಯಿತು. ಆದರೆ ಹಾಡಿನೊಳಗೆ ಇನ್ನೊಂದನ್ನು ಕೇಳಿಸಿಕೊಳ್ಳುವ ಕಿವಿ ಹೋಗಲಿಲ್ಲ. ಅದನ್ನು ಸರಿಯಾಗಿ ಅರಿತವರು 1949ರಲ್ಲಿ ಹುಟ್ಟಿದ ಡಿ.ಎಂ.ಕೆ.ಯವರು. ಅವರಲ್ಲಿ ಎಷ್ಟೋ ಜನ ನಾಟಕದ ನಂಟಿನವರೇ. ಅಣ್ಣಾದುರೈ, ಕರುಣಾನಿಧಿ ನಾಟಕ ಬರೆದವರು, ಆಡಿದವರು. ಎಂ.ಜಿ.ಆರ್. ಏಳೆಂಟು ವರ್ಷದ ಹುಡುಗನಾಗಿದ್ದಾಗಲೇ ‘ಮಧುರೈ ಒರಿಜಿನಲ್ ಬಾಯ್ಸ್ ಕಂಪನಿ’ ಸೇರಿದವರು. 1952ರ ದೀಪಾವಳಿಗೆ ಬಂದ ‘ಪರಾಶಕ್ತಿ’ಯ ಸಂಭಾಷಣೆಯನ್ನು ಎಲ್ಲರೂ ನೆನೆಯುತ್ತಾರೆ. ನನ್ನ ಕುತೂಹಲ ಅದರ ಮೊದಲಿಗೇ ಬರುವ ಹಾಡಿನ ಮೇಲೆ: ಭಾರತಿದಾಸನ್ ಬರೆದ, ದ್ರಾವಿಡ ನಾಡನ್ನು ಹಾಡಿ ಹೊಗಳುವ ಹಾಡು. ದ್ರಾವಿಡ ನಾಡು ಎಂದರೆ ಆಗ ತಮಿಳು, ತೆಲುಗು, ಮಲಯಾಳದ ಜೊತೆಗೆ ನಮ್ಮ ಕನ್ನಡ ನಾಡೂ ಸೇರಿದ ಬೇರೆ ದೇಶ. ನಮ್ಮನ್ನು ಒಂದು ಮಾತು ಕೇಳದೆಯೇ ಆ ಹಾಡಿನೊಳಗೆ ಸೇರಿಸಿಕೊಂಡಿದ್ದರು! 1963ರ ಹೊತ್ತಿಗೆ ಪಕ್ಷ ಆ ಬೇಡಿಕೆಯನ್ನು ಕೈಬಿಟ್ಟಿತು.

1958ರ ‘ನಾಡೋಡಿ ಮನ್ನನ್’ ಎಂ.ಜಿ.ಆರ್. ತಾವೇ ನಿರ್ದೇಶಿಸಿದ ಚಿತ್ರ, ನಮ್ಮ ಬಿ. ಸರೋಜಾದೇವಿಯವರನ್ನು ತಮಿಳರ ಮನೆಮಗಳನ್ನಾಗಿ ಮಾಡಿದ್ದು. ಅದಕ್ಕೆ ಪಟ್ಟುಕ್ಕೋಟ್ಟೈ ಕಲ್ಯಾಣಸುಂದರಂ ಬರೆದರು. ಕಮ್ಯುನಿಸ್ಟ್ ರೈತ ಕಾರ್ಯಕರ್ತ, 29 ವರ್ಷಕ್ಕೇ ತೀರಿಕೊಂಡ ಕವಿ. ಹೊಲದಲ್ಲಿ ಗಂಡ ಹೆಂಡತಿ ಹಾಡುವ ಹಾಡೊಂದಿದೆ. ಹೊಲವೇನೋ ತುಂಬಿ ಬೆಳೆದಿದೆ, ನಮಗೇನು ಉಳಿಯಿತು ಎಂದು ಅವಳು ಕೇಳುತ್ತಾಳೆ; ಅವನು ಸಮಾಧಾನ ಹೇಳುತ್ತಾನೆ. ಪ್ರೇಮಗೀತೆಯ ಧಾಟಿಯಲ್ಲಿ ಭೂಮಿಯ ಲೆಕ್ಕಾಚಾರ. ಇದರಲ್ಲಿ ಪಕ್ಷದ ಹೆಸರಿಲ್ಲ, ಚಿಹ್ನೆಯಿಲ್ಲ. ಎಂ.ಜಿ.ಆರ್. ಚಿತ್ರಗಳ ಹಾಡು ಹೀಗೆ ಪಾತ್ರದ ಮಾತೂ ಹೌದು, ನಟನ ಮಾತೂ ಹೌದು, ಪಕ್ಷದ ಮಾತೂ ಹೌದು. ಕೇಳುವವನು ಮೂರನ್ನೂ ಒಟ್ಟಿಗೆ ಕೇಳಿಸಿಕೊಳ್ಳುತ್ತಾನೆ.

ಸೆನ್ಸಾರಿನವರಿಗೂ ಇದು ತಿಳಿದಿತ್ತು. 1966ರ ‘ಅನ್ಬೇ ವಾ’ ಪೂರ್ತಿ ಪ್ರೇಮಕಥೆ, ರಾಜಕೀಯದ ಗಾಳಿಯೂ ಇಲ್ಲ. ಅದರಲ್ಲಿ ನಾಯಕ ಬೆಟ್ಟದೂರಿಗೆ ಬಂದಿಳಿದು ಖುಷಿಯಾಗಿ ಹಾಡುವ ಹಾಡಿನಲ್ಲಿ ಕವಿ ವಾಲಿ ‘ಉದಯಸೂರ್ಯ’ ಎಂಬ ಮಾತು ಬಳಸಿದ್ದರು. ಉದಯಿಸುವ ಸೂರ್ಯ ಡಿ.ಎಂ.ಕೆ.ಯ ಚುನಾವಣಾ ಚಿಹ್ನೆ. ಸೆನ್ಸಾರ್ ಒಪ್ಪಲಿಲ್ಲ, ‘ಹೊಸ ಸೂರ್ಯ’ ಎಂದು ಬದಲಾಯಿಸಿ ದನಿ ಸೇರಿಸಬೇಕಾಯಿತು. ತಮಾಷೆಯೆಂದರೆ, ಬದಲಾಯಿಸಿದ್ದರಿಂದಲೇ ಎಲ್ಲರಿಗೂ ಗೊತ್ತಾಯಿತು. ಇವತ್ತಿಗೂ ಟಿವಿಯಲ್ಲಿ ಆ ಹಾಡು ಬಂದರೆ ತಮಿಳರ ಮನೆಗಳಲ್ಲಿ ‘ತುಟಿ ನೋಡು, ತುಟಿ ನೋಡು’ ಅನ್ನುತ್ತಾರೆ. ಮರುವರ್ಷ, 1967ರಲ್ಲಿ, ಡಿ.ಎಂ.ಕೆ. ಅಧಿಕಾರಕ್ಕೆ ಬಂತು.

ಇದರಲ್ಲಿ ನಮ್ಮವರ ಕೈ ಇಲ್ಲವೇ? ಇದೆ. ನಮ್ಮ ಬಿ. ಆರ್. ಪಂತುಲು ನಾಟಕ ಕಂಪನಿಯಲ್ಲಿ ಪಳಗಿ ಮದರಾಸಿಗೆ ಬಂದವರು. 1961ರಲ್ಲಿ ಕನ್ನಡಕ್ಕೆ ‘ಕಿತ್ತೂರು ಚೆನ್ನಮ್ಮ’ ಕೊಟ್ಟರು. ಅದೇ ವರ್ಷ ತಮಿಳಿಗೆ ‘ಕಪ್ಪಲೋಟ್ಟಿಯ ತಮಿಳನ್’ ಕೊಟ್ಟರು. ಬ್ರಿಟಿಷ್ ಹಡಗು ಕಂಪನಿಗೆ ಎದುರಾಗಿ 1906ರಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿ ಜೈಲಿನಲ್ಲಿ ಗಾಣ ಎಳೆದ ವ. ಉ. ಚಿದಂಬರಂ ಪಿಳ್ಳೆಯವರ ಕಥೆ ಅದು. ಹಾಡುಗಳೆಲ್ಲ ಭಾರತಿಯವು, ಸರ್ಕಾರ ಜನರಿಗೆ ಬಿಟ್ಟುಕೊಟ್ಟಿದ್ದರಿಂದ ಪಂತುಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ಬಿಡುಗಡೆಯಾದಾಗ ದುಡ್ಡು ಬರಲಿಲ್ಲ, ಹೆಸರು ಬಂತು. ನಾಲ್ಕು ವರ್ಷದ ಮೇಲೆ ಅದೇ ಪಂತುಲು ಎಂ.ಜಿ.ಆರ್. ಅವರನ್ನು ಹಾಕಿಕೊಂಡು ‘ಆಯಿರತ್ತಿಲ್ ಒರುವನ್’ ಮಾಡಿದರು. ಗುಲಾಮರು ಹಡಗಿನ ಮೇಲೆ ಸ್ವಾತಂತ್ರ್ಯಕ್ಕಾಗಿ ಹಾಡುವ ಹಾಡು ಇವತ್ತಿಗೂ ಪಕ್ಷದ ಸಭೆಗಳಲ್ಲಿ ಕೇಳುತ್ತದೆ. ಆ ಚಿತ್ರದ ನಾಯಕಿ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ. ಹಿಂದಿನ ವರ್ಷವಷ್ಟೇ ಪಂತುಲು ಅವರನ್ನು ‘ಚಿನ್ನದ ಗೊಂಬೆ’ಯಲ್ಲಿ ಕನ್ನಡಕ್ಕೆ ತಂದಿದ್ದರು. ‘ಏನಾಗಿದೆ ಆ ತಮಿಳರಿಗೆ’ ಎಂದು ಕೇಳುವ ನಮ್ಮೂರಿನವರಿಗೆ ಪಂತುಲು ಅವರ ಹೆಸರನ್ನು ಹೇಳಬೇಕು ಅನಿಸುತ್ತದೆ. ಪಕ್ಕದ ಕೆ.ಜಿ.ಎಫ್.ನಲ್ಲಿ ಎಂ.ಜಿ.ಆರ್. ಪಕ್ಷದ ಅಭ್ಯರ್ಥಿ ಶಾಸಕನಾಗಿ ಗೆದ್ದದ್ದೂ ಉಂಟು.

1987ರ ಡಿಸೆಂಬರ್ 24ರಂದು ಎಂ.ಜಿ.ಆರ್. ತೀರಿಕೊಂಡರು. ಅಂಗಡಿ ಮುಚ್ಚಿದವು, ಹಾಲು ಬರಲಿಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಅವರ ಫೋಟೋಗೆ ಹಾರ ಹಾಕಿ, ಬೆಳಗಿನಿಂದ ರಾತ್ರಿಯವರೆಗೆ ಲೌಡ್‌ಸ್ಪೀಕರಿನಲ್ಲಿ ಹಾಡು ಹಾಕಿದರು. ಶೋಕಗೀತೆಗಳಲ್ಲ, ಚಿತ್ರದ ಹಾಡುಗಳೇ: ನ್ಯಾಯದ ಹಾಡು, ನಿದ್ದೆ ಮಾಡಬೇಡ ತಮ್ಮಾ ಎನ್ನುವ ಹಾಡು, ಹಡಗಿನ ಹಾಡು. ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ನೆಲದ ಮೇಲೆ ಕೂತು ಆ ಹಾಡುಗಳ ಒಂದೊಂದು ಸಾಲನ್ನೂ ಜೊತೆಗೆ ಹೇಳುತ್ತ ಅತ್ತಳು. ಓದು ಬರಹ ಇಲ್ಲದವಳು. ಅವಳಿಗೆ ಭೂಮಿ, ಕೂಲಿ, ಮರ್ಯಾದೆಯ ಮಾತುಗಳನ್ನು ಯಾವ ಕರಪತ್ರವೂ ಮುಟ್ಟಿಸಿರಲಿಲ್ಲ, ಈ ಹಾಡುಗಳು ಮುಟ್ಟಿಸಿದ್ದವು. ಆ ಮಾತುಗಳನ್ನೆಲ್ಲ ಅವರ ಸರ್ಕಾರ ನಡೆಸಿಕೊಟ್ಟಿತೇ ಎಂದು ಕೇಳಿದರೆ, ಇಲ್ಲ ಎಂದೇ ನಾನು ಹೇಳುತ್ತೇನೆ. ಹಾಡು ಕೊಟ್ಟ ಭಾಷೆಯನ್ನು ಅಧಿಕಾರ ಉಳಿಸಿಕೊಳ್ಳಲಿಲ್ಲ. ಆದರೂ ಅವಳ ಅಳು ಸುಳ್ಳಾಗಿರಲಿಲ್ಲ.

ಈ ಹಾಡಿಗೆ ಇನ್ನೊಂದು ಮುಖ ಇರುವುದನ್ನು ಕಂಡದ್ದು 1991ರ ಡಿಸೆಂಬರಿನಲ್ಲಿ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಗಲಾಟೆ. ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆಯಾಯಿತು, ಮನೆಗಳು ಉರಿದವು. ಇಲ್ಲಿ ನಾವು ಬಾಗಿಲಿನ ಕನ್ನಡದ ನಾಮಫಲಕವನ್ನು ತೆಗೆದು ಒಳಗಿಟ್ಟೆವು. ಅದೇ ಬೀದಿ ಮೂಲೆಯಲ್ಲಿ ಸಂಜೆ ಸಭೆ. ಎಂದಿನಂತೆ ಮೊದಲು ಹಾಡು, ಎಂದಿನಂತೆ ಭಾರತಿ, ಎಂ.ಜಿ.ಆರ್. ಅಷ್ಟು ವರ್ಷ ನಾನು ಜೊತೆಗೆ ಗುನುಗಿದ ಹಾಡುಗಳು. ಹಾಡು ನಿಂತು ಭಾಷಣ ಶುರುವಾಗುವ ಆ ಕರಕರ ಸದ್ದಿಗೆ ಹೊಟ್ಟೆಯಲ್ಲಿ ನಡುಕ ಹುಟ್ಟಿತು. ‘ನಾವು’ ಎಂಬ ಮಾತು ಆ ಹಾಡುಗಳಲ್ಲಿ ಎಷ್ಟು ಸಲ ಬರುತ್ತದೆ ಎಂದು ಎಣಿಸಿದ್ದು ಅವತ್ತೇ. 1952ರ ಹಾಡಿನಲ್ಲಿ ಕೇಳದೆಯೇ ನಮ್ಮನ್ನು ಒಳಗೆ ಸೇರಿಸಿದ್ದರು. ಅವತ್ತು ಕೇಳದೆಯೇ ಹೊರಗಿಟ್ಟರು. ತಾತ ಮೊಮ್ಮಗನನ್ನು ಕರೆದು, ‘ಹೋಗು, ಅವರ ಬಾಗಿಲಲ್ಲಿ ಕೂತ್ಕೊ, ಓದೋದಿದ್ರೆ ಅಲ್ಲೇ ಓದು’ ಅಂದರು. ಹುಡುಗ ಪುಸ್ತಕ ಹಿಡಿದು ನಮ್ಮ ಮೆಟ್ಟಿಲ ಮೇಲೆ ರಾತ್ರಿ ಹತ್ತರವರೆಗೆ ಕೂತಿದ್ದ. ನಮ್ಮ ಬೀದಿಯಲ್ಲಿ ಏನೂ ಆಗಲಿಲ್ಲ.

ಗಲಾಟೆ ತಣ್ಣಗಾದ ಮೇಲೆ ತಾತ ಒಂದು ಪ್ರಶ್ನೆ ಕೇಳಿದರು. ‘ನಿಮ್ಮ ರಾಜಕುಮಾರ್ ನಾಟಕ ಕಂಪನಿಯಿಂದ ಬಂದವರು, ಹಾಡ್ತಾರೆ, ಜನ ಪ್ರಾಣ ಕೊಡ್ತಾರೆ. ಆದ್ರೂ ಪಕ್ಷ ಯಾಕೆ ಕಟ್ಟಲಿಲ್ಲ?’ 1982ರ ಗೋಕಾಕ್ ಚಳವಳಿಯಲ್ಲಿ ಅವರು ಊರೂರು ಸುತ್ತಿದ್ದನ್ನು ಹೇಳಿದೆ. ಅವರು ಚುನಾವಣೆಯ ಹತ್ತಿರ ಸುಳಿಯದವರು ಎಂದೂ ಹೇಳಿದೆ. ವ್ಯಕ್ತಿಯ ಸ್ವಭಾವ ಅದಕ್ಕೆ ಒಂದು ಕಾರಣ. ಆದರೆ ನಾಟಕದ ಚರಿತ್ರೆಯಲ್ಲೂ ಕಾರಣವಿದೆ ಎಂದು ನನಗನಿಸುತ್ತದೆ. ಹಳೆ ಮೈಸೂರಿನ ಕಂಪನಿಗಳು ಅರಮನೆಯ ಆಶ್ರಯದಲ್ಲಿ ಬೆಳೆದವು, ಅವುಗಳ ರಾಜಕೀಯ ಹಾಡೆಂದರೆ ಮಹಾರಾಜರಿಗೆ ಜಯಕಾರ. ಅಲ್ಲಿ ಬೆಳ್ಳಕ್ಕಿಯನ್ನು ಬಚ್ಚಿಡುವ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಅತ್ತ ಮುಂಬಯಿ ಪ್ರಾಂತದ ಕಡೆ ನಾಡಗೀತ ಬರೆದ ಹುಯಿಲಗೋಳ ನಾರಾಯಣರಾಯರು ನಾಟಕಕಾರರೇ. ಆದರೆ ಆ ಗೀತವನ್ನು ಎಳೆಯ ಗಂಗೂಬಾಯಿ ಹಾನಗಲ್ ಹಾಡಿದ್ದು 1924ರ ಬೆಳಗಾವಿ ಕಾಂಗ್ರೆಸ್ಸಿನ ವೇದಿಕೆಯಲ್ಲಿ, ಹಗಲು ಬೆಳಕಿನಲ್ಲಿ. ಮುಂದೆಯೂ ನಮ್ಮ ರಾಜಕೀಯದ ಹಾಡು ಕವಿಗಳಿಂದ, ರೈತ ದಲಿತ ಚಳವಳಿಗಳಿಂದ, ಬೀದಿ ನಾಟಕದಿಂದ ಬಂತು; ಥಿಯೇಟರಿನ ಕತ್ತಲಿನಲ್ಲಿ ಒಳದನಿ ಕೇಳುವ ರೂಢಿ ನಮಗೆ ಹತ್ತಲಿಲ್ಲ. ಇದು ಹೆಮ್ಮೆಯೋ ನಷ್ಟವೋ ನಾನು ಹೇಳಲಾರೆ.

1993ರಲ್ಲಿ ‘ಆಕಸ್ಮಿಕ’ ಬಂತು. ಹಂಸಲೇಖ ಬರೆದು ರಾಜ್ ಹಾಡಿದ ಆ ಕನ್ನಡ ನಾಡಿನ ಹಾಡನ್ನು ಆಮೇಲಿನ ನವೆಂಬರುಗಳಲ್ಲಿ ನಾವಿಲ್ಲಿ ಹಾಕದ ವರ್ಷವಿಲ್ಲ. ಮದರಾಸಿನಲ್ಲೇ ಹುಟ್ಟಿದ ನಮ್ಮ ಮಕ್ಕಳು ಕನ್ನಡ ನಾಡಿನಲ್ಲಿ ಹುಟ್ಟುವ ಭಾಗ್ಯದ ಬಗ್ಗೆ ಗಟ್ಟಿಯಾಗಿ ಹಾಡುತ್ತಾರೆ, ಅದನ್ನು ನೋಡಿ ಅಪ್ಪ ಅಮ್ಮಂದಿರು ಕಣ್ಣೊರೆಸಿಕೊಳ್ಳುತ್ತಾರೆ. ಒಂದು ವರ್ಷ ಮೈಕ್ ಸೆಟ್ ತಂದಿದ್ದ ಹುಡುಗ ಹಾಡು ಮುಗಿದ ಮೇಲೆ ನನ್ನ ಹತ್ತಿರ ಬಂದು, ಇದು ಯಾವ ಪಾರ್ಟಿ ಹಾಡು ಸಾರ್ ಎಂದು ತಮಿಳಿನಲ್ಲಿ ಕೇಳಿದ. ಯಾವ ಪಾರ್ಟಿಯದೂ ಅಲ್ಲಪ್ಪ ಎಂದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಹೇಳುವುದಕ್ಕೆ ಇಷ್ಟವಿಲ್ಲದಿದ್ದರೆ ಬೇಡ ಬಿಡಿ ಸಾರ್ ಎಂದು ವೈರು ಸುತ್ತತೊಡಗಿದ.